ಬೆಳ್ಳಿಯ ಮೇಲೆ ಇಪ್ಪತ್ಮೂರು ನಿಮಿಷ

2025ರ ಮೇ 10, ಶನಿವಾರ. ಟಿವಿಯಲ್ಲೆಲ್ಲ ಗಡಿಯದೇ ಸುದ್ದಿ. ಮನೆಯವರೆಲ್ಲ ಅದರ ಮುಂದೆ ಕೂತಿದ್ದರೆ ನಾನೊಬ್ಬ ಮೊಬೈಲ್ ಹಿಡಿದುಕೊಂಡು ಬೇರೆಯದೇ ಒಂದು ಸುದ್ದಿಗೆ ಕಾಯ್ತಾ ಇದ್ದೆ. ಐವತ್ಮೂರು ವರ್ಷ ಭೂಮಿಯನ್ನು ಸುತ್ತಿ ಸುತ್ತಿ ಸುಸ್ತಾದ ಒಂದು ಸೋವಿಯತ್ ಗುಂಡು ಅವತ್ತು ಕೆಳಗೆ ಬೀಳುವುದಿತ್ತು. ಎಲ್ಲಿ ಬೀಳುತ್ತೆ ಅಂತ ಯಾರಿಗೂ ಖಾತ್ರಿಯಿರಲಿಲ್ಲ. ಸಾಯಂಕಾಲದ ಹೊತ್ತಿಗೆ ರಷ್ಯಾದ ಬಾಹ್ಯಾಕಾಶ ಸಂಸ್ಥೆ ಹೇಳಿಕೆ ಕೊಟ್ಟಿತು: ಮಾಸ್ಕೋ ಸಮಯ ಬೆಳಿಗ್ಗೆ 9.24ಕ್ಕೆ ಅಂಡಮಾನಿನ ಪಶ್ಚಿಮಕ್ಕೆ ದಟ್ಟ ವಾತಾವರಣ ಹೊಕ್ಕು, ಜಕಾರ್ತಾದ ಪಶ್ಚಿಮಕ್ಕೆ ಹಿಂದೂ ಮಹಾಸಾಗರದಲ್ಲಿ ಬಿದ್ದಿದೆ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಆರು ನಿಮಿಷ ಬಾಕಿ. ನಾನು ಆಗ ಊಟಕ್ಕೆ ಸೌತೆಕಾಯಿ ಹೆಚ್ಚುತ್ತಿದ್ದೆ.

ಆ ಗುಂಡಿನ ಹೆಸರು ಕಾಸ್ಮೋಸ್ 482. ಅದು ಅದರ ಸುಳ್ಳು ಹೆಸರು. ನಿಜವಾದ ಹೆಸರು ಇಡುವ ಮೊದಲೇ ಅದು ಕೆಟ್ಟುಹೋಗಿತ್ತು. ಅದು ಹೋಗಬೇಕಾಗಿದ್ದದ್ದು ಶುಕ್ರಗ್ರಹಕ್ಕೆ.

ಈ ಸುದ್ದಿಗೆ ನಾನು ಯಾಕೆ ಅಷ್ಟು ಕಾದೆ ಅಂತ ಹೇಳಬೇಕಾದರೆ ಎಂಬತ್ತರ ದಶಕದ ನಮ್ಮೂರ ಶಾಲೆಗೆ ಹೋಗಬೇಕು. ಆಗ ರಷ್ಯಾದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಕಡಲೆಕಾಯಿ ಬೆಲೆಗೆ ಸಿಗುತ್ತಿದ್ದವು, ಹಳಬರಿಗೆ ನೆನಪಿರಬಹುದು. ದಪ್ಪ ರಟ್ಟು, ಬೆಳ್ಳಗಿನ ಕಾಗದ, ಒಂಥರಾ ವಿಚಿತ್ರ ವಾಸನೆ. ಅಪ್ಪ ಪೇಟೆಯ ಪುಸ್ತಕ ಪ್ರದರ್ಶನದಿಂದ ಅಂಥದ್ದೊಂದು ತಂದುಕೊಟ್ಟಿದ್ದರು. ಅದರಲ್ಲಿ ಶುಕ್ರನ ಮೇಲೆ ಸೋವಿಯತ್ ನೌಕೆಗಳು ಇಳಿದ ಕಥೆಯಿತ್ತು. ಎಂಟನೇ ಕ್ಲಾಸಿನಲ್ಲಿ ನಾನು ಅದನ್ನೇ ಬಾಯಿಪಾಠ ಮಾಡಿ ವಿಜ್ಞಾನ ಗೋಷ್ಠಿಯಲ್ಲಿ ಭಾಷಣ ಬಿಗಿದೆ. ವೆನೆರಾ 4 ಹೀಗೆ ಗೆದ್ದಿತು, ವೆನೆರಾ 7 ಹಾಗೆ ಗೆದ್ದಿತು, ವೆನೆರಾ 9 ಫೋಟೋ ತೆಗೆಯಿತು. ಮುಗಿದ ಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು ಕನ್ನಡಕ ಮೇಲಕ್ಕೇರಿಸಿ ಕೇಳಿದರು: “ಅಲ್ಲೋ, ಒಂದೂ ಕೆಡಲೇ ಇಲ್ವೇನೋ? ನಮ್ಮನೆ ರೇಡಿಯೋ ತಿಂಗಳಿಗೆ ಎರಡು ಸಲ ಕೆಡುತ್ತೆ.”

“ರಷ್ಯಾದವರದ್ದು ಕೆಡಲ್ಲ ಸಾರ್” ಅಂದೆ. ಇಡೀ ಕ್ಲಾಸು ನಕ್ಕಿತು.

ಆ ಪ್ರಶ್ನೆಗೆ ಉತ್ತರ ಸಿಗುವುದಕ್ಕೆ ಸೋವಿಯತ್ ಒಕ್ಕೂಟವೇ ಮುರಿದು ಬೀಳಬೇಕಾಯಿತು. ತೊಂಬತ್ತರ ದಶಕದಲ್ಲಿ ಅಲ್ಲಿನ ಕಡತಗಳು ತೆರೆದವು, ಇಂಜಿನಿಯರುಗಳು ನೆನಪುಗಳನ್ನು ಬರೆದರು. ಈಗ ಹೇಳಬಲ್ಲೆ: ಕೆಟ್ಟಿತ್ತು ಸಾರ್. ಎಷ್ಟು ಕೆಟ್ಟಿತ್ತು ಅಂದರೆ, ಅದನ್ನು ಕೇಳಿದ ಮೇಲೆಯೇ ಗೆದ್ದದ್ದರ ಬೆಲೆ ನನಗೆ ಗೊತ್ತಾಗಿದ್ದು.

ಮೊದಲು ಶುಕ್ರನ ವಿಷಯ ಒಂದಿಷ್ಟು. ನಮ್ಮ ಕಡೆ ಅದಕ್ಕೆ ಬೆಳ್ಳಿ ಅಂತಲೇ ಹೆಸರು. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ಗಾಡಿ ಕಟ್ಟುವುದು ಹಿಂದಿನವರ ಪದ್ಧತಿ. ಯಾರಿಗಾದರೂ ದಿಢೀರನೆ ಒಳ್ಳೇದಾದರೆ “ಅವನಿಗೆ ಶುಕ್ರದೆಸೆ” ಅಂತೀವಿ. ಆ ಕಾಲದ ವಿಜ್ಞಾನಿಗಳಿಗೂ ಶುಕ್ರನ ಮೇಲೆ ಇಂಥದೇ ಅಕ್ಕರೆ. ಗಾತ್ರದಲ್ಲಿ ಅದು ಭೂಮಿಯ ತಂಗಿ, ಅಡ್ಡಳತೆ ಹನ್ನೆರಡು ಸಾವಿರ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. 1761ರಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋದಾಗ ರಷ್ಯಾದ ಲೊಮೊನೊಸೊವ್ ಅದಕ್ಕೊಂದು ವಾತಾವರಣ ಇದೆ ಅಂತ ಕಂಡುಕೊಂಡಿದ್ದ. ಆದರೆ ಮೋಡ ಎಷ್ಟು ದಟ್ಟ ಅಂದರೆ ಯಾವ ದೂರದರ್ಶಕಕ್ಕೂ ನೆಲ ಕಾಣಲಿಲ್ಲ. ಕಾಣದಿದ್ದ ಜಾಗದಲ್ಲಿ ಕಲ್ಪನೆ ಬೆಳೆಯುತ್ತದಲ್ಲ, ಹಾಗೇ ಆಯಿತು. ಮೋಡ ಇದೆ, ಅಂದರೆ ನೀರಿದೆ. ನೀರಿದೆ, ಅಂದರೆ ಕಾಡಿದೆ. ಸ್ವೀಡನ್ನಿನ ಅರ್‍ಹೇನಿಯಸ್‌ನಂಥ ನೊಬೆಲ್ ಪಡೆದ ವಿಜ್ಞಾನಿಯೇ ಶುಕ್ರನ ಮೇಲೆ ಜೌಗು ಕಾಡುಗಳಿವೆ ಅಂತ ಬರೆದ. ಒಟ್ಟಿನಲ್ಲಿ ಮಳೆಗಾಲದ ಆಗುಂಬೆಯನ್ನು ಒಂದು ಇಡೀ ಗ್ರಹಕ್ಕೆ ಹಿಗ್ಗಿಸಿದ ಹಾಗೆ.

1956ರಲ್ಲಿ ಅಮೆರಿಕದ ರೇಡಿಯೋ ಖಗೋಳಜ್ಞರು ಶುಕ್ರನಿಂದ ಬರುವ ಸೂಕ್ಷ್ಮ ತರಂಗಗಳನ್ನು ಅಳೆದು ಅಲ್ಲಿ ಮುನ್ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಇರಬೇಕು ಅಂದರು. ನೆಲದ ಶಾಖವೇ ಅದು, ಇಂಗಾಲದ ಡೈಆಕ್ಸೈಡಿನ ಕಂಬಳಿ ಹೊದ್ದು ಗ್ರಹ ಬೆಂದುಹೋಗಿದೆ ಅಂತ 1960ರಲ್ಲಿ ಕಾರ್ಲ್ ಸೇಗನ್ ಎಂಬ ಹುಡುಗ ವಾದಿಸಿದ. ತುಂಬ ಜನ ಒಪ್ಪಲಿಲ್ಲ. ಮೇಲಿನ ಆಕಾಶದಲ್ಲಿ ಏನೋ ವಿದ್ಯುತ್ ಚಟುವಟಿಕೆಯಿಂದ ಹಾಗೆ ಕಾಣುತ್ತಿದೆ, ಕೆಳಗೆ ತಂಪಾಗಿಯೇ ಇರಬಹುದು ಅಂತ ಇವರ ಆಸೆ. ಹೋಗಿ ನೋಡದೆ ತೀರ್ಮಾನ ಆಗುವ ಹಾಗಿರಲಿಲ್ಲ.

ಹೋಗುವುದು ಯಾವಾಗ ಬೇಕಾದರೂ ಸಾಧ್ಯ ಇಲ್ಲ. ಭೂಮಿ, ಶುಕ್ರ ಎರಡೂ ಸರಿಯಾದ ಜಾಗಕ್ಕೆ ಬರುವುದು ಹತ್ತೊಂಬತ್ತು ತಿಂಗಳಿಗೊಮ್ಮೆ. ಆ ಕೆಲವೇ ದಿನಗಳಲ್ಲಿ ರಾಕೆಟ್ ಹಾರಿಸದಿದ್ದರೆ ಮತ್ತೆ ಹತ್ತೊಂಬತ್ತು ತಿಂಗಳು ಕಾಯಬೇಕು. ಊರ ಬಸ್ಸು ತಪ್ಪಿದ ಹಾಗೆ, ಅಂತ ಹೇಳೋಣ ಅಂದರೆ ನಮ್ಮೂರ ಬಸ್ಸು ಮಾರನೇ ದಿನವಾದರೂ ಬರುತ್ತಿತ್ತು. ಅದಕ್ಕೇ ಸೋವಿಯತ್ತಿನವರು ಪ್ರತಿ ಸಲವೂ ಎರಡು ಮೂರು ನೌಕೆಗಳನ್ನು ಜೋಡಿ ಜೋಡಿಯಾಗಿ ಕಳಿಸುತ್ತಿದ್ದರು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ಎರಡೂ ಕೆಡುತ್ತಿದ್ದವು, ಅದು ಬೇರೆ ಮಾತು.

1961ರ ಫೆಬ್ರವರಿ 4ರಂದು ಮೊದಲನೆಯದು ಹಾರಿತು. ಗಗಾರಿನ್ ಇನ್ನೂ ಹಾರಿರಲಿಲ್ಲ, ಎರಡು ತಿಂಗಳು ಬಾಕಿ. ನೌಕೆ ಭೂಮಿಯ ಕಕ್ಷೆ ಮುಟ್ಟಿತು, ಅಲ್ಲಿಂದ ಶುಕ್ರನತ್ತ ತಳ್ಳಬೇಕಾದ ಇಂಜಿನ್ ಹೊತ್ತಿಕೊಳ್ಳಲೇ ಇಲ್ಲ. ಮಾಸ್ಕೋ ಏನು ಹೇಳಿತು ಗೊತ್ತೇ? ಒಂದು “ಭಾರವಾದ ಉಪಗ್ರಹ”ವನ್ನು ಯಶಸ್ವಿಯಾಗಿ ಹಾರಿಸಿದ್ದೇವೆ ಅಂತ! ಶುಕ್ರನ ಸುದ್ದಿಯೇ ಇಲ್ಲ.

ಇದಕ್ಕೊಂದು ಬಾಲ ಇದೆ. ಕೊರೊಲೆವ್‌ನ ಜೊತೆ ಕೆಲಸ ಮಾಡಿದ ಬೊರಿಸ್ ಚೆರ್ಟೋಕ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಎರಡು ವರ್ಷದ ನಂತರ ಸೈಬೀರಿಯಾದ ಬಿರ್ಯೂಸಾ ನದಿಯಲ್ಲಿ ಈಜುತ್ತಿದ್ದ ಹುಡುಗನ ಕಾಲಿಗೆ ಏನೋ ಲೋಹದ್ದು ಚುಚ್ಚಿತಂತೆ. ಎತ್ತಿ ನೋಡಿದರೆ ಶುಕ್ರನ ಮೇಲೆ ಇರಬೇಕಾದ ಸೋವಿಯತ್ ಲಾಂಛನ. ಹುಡುಗನ ಅಪ್ಪ ಅದನ್ನು ಪೊಲೀಸರಿಗೆ ಕೊಟ್ಟು, ಅಲ್ಲಿಂದ ಅದು ಗುಪ್ತಚರರ ಕೈಗೆ, ಅಲ್ಲಿಂದ ವಿಜ್ಞಾನ ಅಕಾಡೆಮಿಗೆ, ಕೊನೆಗೆ ಅದನ್ನು ಮಾಡಿದವರ ಮೇಜಿಗೇ ಬಂತು. ಅಂದರೆ ನಿಯಂತ್ರಣವಿಲ್ಲದೆ ಭೂಮಿಗೆ ಮರಳಿದ ಗುಂಡು ಸುಟ್ಟುಹೋಗದೆ ನೆಲ ಮುಟ್ಟಿತ್ತು! ತಪ್ಪು ಗ್ರಹದ ನೆಲ, ಅಷ್ಟೇ.

ಅದೇ ಫೆಬ್ರವರಿ 12ಕ್ಕೆ ಹೋದದ್ದು ವೆನೆರಾ 1. ಅದು ಭೂಮಿಯನ್ನು ಬಿಟ್ಟಿತು, ಆದರೆ ಒಂದು ವಾರದೊಳಗೇ ಮೂಕವಾಯಿತು. 1962ರಲ್ಲಿ ಮೂರು ಹಾರಿಸಿದರು, ಮೂರೂ ಭೂಮಿಯ ಪಕ್ಕದಲ್ಲೇ ಕೆಟ್ಟವು, ಅದರ ಬಗ್ಗೆ ಚಕಾರವಿಲ್ಲ. ಅದೇ ವರ್ಷ ಅಮೆರಿಕದ ಮ್ಯಾರಿನರ್ 2 ಡಿಸೆಂಬರ್ 14ರಂದು ಶುಕ್ರನಿಂದ ಸುಮಾರು 35,000 ಕಿ.ಮೀ. ದೂರದಲ್ಲಿ ಹಾದುಹೋಗಿ, ಶಾಖ ಬರುತ್ತಿರುವುದು ಮೇಲಿಂದಲ್ಲ, ಕೆಳಗಿನಿಂದಲೇ ಅಂತ ಹೇಳಿತು. (ಅಮೆರಿಕದ್ದೂ ಮ್ಯಾರಿನರ್ 1 ಸಮುದ್ರ ಪಾಲಾಗಿತ್ತು, ಆದರೆ ಅದು ಪೇಪರಿನಲ್ಲಿ ಬಂದಿತ್ತು.) ಇನ್ನು 1963ರಿಂದ ಹೆಸರಿಡುವ ಒಂದು ಹೊಸ ಉಪಾಯ. ಭೂಮಿಯ ಕಕ್ಷೆಯಲ್ಲಿ ಸಿಕ್ಕಿಹಾಕಿಕೊಂಡ ಗ್ರಹನೌಕೆಗಳಿಗೆ “ಕಾಸ್ಮೋಸ್” ಅಂತ ಹೆಸರು, ಪಕ್ಕದಲ್ಲೊಂದು ನಂಬರು. ಬೇಹುಗಾರಿಕೆಯದ್ದು, ಹವಾಮಾನದ್ದು ಎಲ್ಲ ಉಪಗ್ರಹಗಳಿಗೂ ಅದೇ ಹೆಸರು, ಜಾತ್ರೆಯಲ್ಲಿ ತಪ್ಪಿಸಿಕೊಂಡವರ ಹಾಗೆ ಅದರೊಳಗೆ ಸೇರಿಬಿಟ್ಟರೆ ಗುರುತೇ ಸಿಗುವುದಿಲ್ಲ. ಶುಕ್ರನ ಕಡೆಗೆ ಹೊರಟಿತು ಅಂತ ಖಾತ್ರಿಯಾದ ಮೇಲಷ್ಟೇ ನಾಮಕರಣ. ನಮ್ಮಲ್ಲಿ ಮಗು ಹುಟ್ಟಿ ಹನ್ನೊಂದು ದಿನ ಕಳೆಯಲಿ ಅಂತ ಕಾಯುತ್ತಾರಲ್ಲ, ಆ ಭಯವೇ ಇರಬೇಕು ಇದರಲ್ಲೂ.

ನನ್ನ ಪುಸ್ತಕದಲ್ಲಿ ಸೋಲು ಯಾಕೆ ಇರಲಿಲ್ಲ ಅನ್ನುವುದಕ್ಕೆ ಇದೇ ಉತ್ತರ. ಸೋತವುಗಳಿಗೆ ಆ ಹೆಸರೇ ಇರಲಿಲ್ಲ.

1965ರ ನವೆಂಬರಿನಲ್ಲಿ ಹಾರಿದ ವೆನೆರಾ 3 ಮರುವರ್ಷ ಮಾರ್ಚ್ 1ರಂದು ಶುಕ್ರನಿಗೆ ಢಿಕ್ಕಿ ಹೊಡೆಯಿತು. ಮನುಷ್ಯ ಮಾಡಿದ ವಸ್ತು ಇನ್ನೊಂದು ಗ್ರಹವನ್ನು ಮುಟ್ಟಿದ್ದು ಅದೇ ಮೊದಲು. ಆದರೆ ಮುಟ್ಟುವಾಗ ಅದು ಸತ್ತಿತ್ತು, ಒಂದು ಮಾತೂ ಬರಲಿಲ್ಲ. ಅದಕ್ಕೆ ಆರು ವಾರ ಮುಂಚೆ, 1966ರ ಜನವರಿ 14ರಂದು, ಅದನ್ನು ಕಟ್ಟಿದ ಕೊರೊಲೆವ್ ತೀರಿಕೊಂಡಿದ್ದ. ಚಂದ್ರನಿಗೆ ಮನುಷ್ಯರನ್ನು ಕಳಿಸುವ ಗಡಿಬಿಡಿಯಲ್ಲಿದ್ದ ಆತ ಅಷ್ಟರಲ್ಲಾಗಲೇ ಗ್ರಹಗಳ ಕೆಲಸವನ್ನು ಲಾವೋಚ್ಕಿನ್ ಕಾರ್ಖಾನೆಯ ಗಿಯೋರ್ಗಿ ಬಬಾಕಿನ್‌ಗೆ ವಹಿಸಿದ್ದ. ಇಲ್ಲಿಂದ ಕಥೆ ಬದಲಾಗುತ್ತದೆ. ಬಬಾಕಿನ್ ಮಾಡಿದ ಮುಖ್ಯ ಕೆಲಸ ಮಂತ್ರವೇನಲ್ಲ, ಹಾರಿಸುವ ಮುಂಚೆ ನೆಲದ ಮೇಲೆ ಪರೀಕ್ಷೆ ಮಾಡಿದ್ದು. ನೌಕೆ ಶುಕ್ರನ ವಾತಾವರಣಕ್ಕೆ ಸೆಕೆಂಡಿಗೆ ಹನ್ನೊಂದು ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. ಬ್ರೇಕ್ ಬೀಳುವಾಗ ಅದರ ಮೇಲೆ ಬೀಳುವ ಭಾರ ಭೂಮಿಯ ಗುರುತ್ವದ ಮುನ್ನೂರು ಪಟ್ಟು. ದೊಡ್ಡದೊಂದು ತಿರುಗಣೆ ಕಟ್ಟಿಸಿ ಅದರೊಳಗೆ ಗುಂಡುಗಳನ್ನು ಗಿರಗಿರ ತಿರುಗಿಸಿ, ಒಡೆದದ್ದನ್ನು ಮತ್ತೆ ಕಟ್ಟಿದರು.

ಹಾಗೆ ತಯಾರಾದದ್ದು ವೆನೆರಾ 4. ನನಗೆ ತುಂಬ ಇಷ್ಟವಾದ ವಿವರ ಇರುವುದು ಇದರಲ್ಲೇ. ಶುಕ್ರನ ಮೇಲೆ ಸಮುದ್ರ ಇರಬಹುದು ಅನ್ನುವ ಆಸೆ ಇನ್ನೂ ಸತ್ತಿರಲಿಲ್ಲ. ನೀರಿಗೆ ಬಿದ್ದರೆ ತೇಲುವ ಹಾಗೆ ಗುಂಡನ್ನು ಮಾಡಿದ್ದರು. ನೀರಿಗೆ ಬಿತ್ತು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಅದಕ್ಕೊಂದು ಬೀಗ ಇಟ್ಟರು, ಸಕ್ಕರೆಯದ್ದು. ನೀರು ತಾಗಿದರೆ ಸಕ್ಕರೆ ಕರಗಿ ಬೀಗ ಬಿಚ್ಚಿಕೊಳ್ಳಬೇಕು. ಅತ್ಯಂತ ರಹಸ್ಯವಾದ ಸೋವಿಯತ್ ಕಾರ್ಖಾನೆಯಲ್ಲಿ ಗಂಭೀರ ಮುಖದ ಇಂಜಿನಿಯರುಗಳು ಸಕ್ಕರೆ ಗಟ್ಟಿ ಮಾಡುತ್ತಾ ಕೂತ ದೃಶ್ಯ ಊಹಿಸಿಕೊಳ್ಳಿ! ಸಕ್ಕರೆ ಡಬ್ಬದ ಮುಚ್ಚಳ ತೆಗೆದಾಗೆಲ್ಲ ನನಗೆ ಇದು ನೆನಪಾಗುತ್ತದೆ.

1967ರ ಅಕ್ಟೋಬರ್ 18ರಂದು ವೆನೆರಾ 4 ಪ್ಯಾರಾಚೂಟ್ ಬಿಚ್ಚಿ ಇಳಿಯತೊಡಗಿತು. ಒಂದೂವರೆ ಗಂಟೆ ಮಾತಾಡಿತು. ಇನ್ನೊಂದು ಗ್ರಹದ ಗಾಳಿಯೊಳಗೆ ಕೂತು ಯಂತ್ರವೊಂದು ಕಳಿಸಿದ ಮೊದಲ ಮಾತು ಅದು. ಗಾಳಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್. ಶಾಖ ಏರುತ್ತಾ ಹೋಗಿ 262 ಡಿಗ್ರಿ, ಒತ್ತಡ ಭೂಮಿಯ ಇಪ್ಪತ್ತು ಪಟ್ಟಿನ ಹತ್ತಿರ ಬಂದಾಗ ಮಾತು ನಿಂತಿತು. ಸೋವಿಯತ್ ಪತ್ರಿಕೆಗಳು ನೌಕೆ ನೆಲ ಮುಟ್ಟಿತು ಅಂತ ಸಂಭ್ರಮಿಸಿದವು. ಮಾರನೇ ದಿನವೇ ಅಮೆರಿಕದ ಮ್ಯಾರಿನರ್ 5 ಶುಕ್ರನ ಪಕ್ಕ ಹಾದುಹೋಗಿ ಬೇರೆಯದೇ ಲೆಕ್ಕ ಕೊಟ್ಟಿತು. ನೆಲದಲ್ಲಿ ಒತ್ತಡ ಇಪ್ಪತ್ತಲ್ಲ, ಎಪ್ಪತ್ತೈದರಿಂದ ನೂರರವರೆಗೆ ಇರಬೇಕು. ಹಾಗಾದರೆ ವೆನೆರಾ 4 ಇಳಿದದ್ದಾದರೂ ಎಲ್ಲಿ? ಅಷ್ಟು ಎತ್ತರದ ಬೆಟ್ಟದ ಮೇಲಾ?

ಬೆಟ್ಟವೂ ಇಲ್ಲ, ಏನೂ ಇಲ್ಲ. ಅದರ ಎತ್ತರ ಅಳೆಯುವ ರಾಡಾರಿಗೆ ಒಂದು ದೌರ್ಬಲ್ಯವಿತ್ತು, ಒಂದು ಎತ್ತರವನ್ನೂ ಅದರ ಎರಡರಷ್ಟನ್ನೂ ಅದು ಒಂದೇ ಥರ ಓದುತ್ತಿತ್ತು. ನೆಲದಿಂದ 26 ಕಿ.ಮೀ. ಮೇಲಿದ್ದೇನೆ ಅಂದಾಗ ಅದು ನಿಜವಾಗಿ ಇದ್ದದ್ದು ಅದರ ದುಪ್ಪಟ್ಟು ಎತ್ತರದಲ್ಲಿ. ಅಂದರೆ ಇಪ್ಪತ್ತೈದು ಕಿಲೋಮೀಟರ್ ಮೇಲೆಯೇ ಗುಂಡು ನಜ್ಜುಗುಜ್ಜಾಗಿತ್ತು. ಕೊನೆಗೆ ಸೋವಿಯತ್ ವಿಜ್ಞಾನಿಗಳೇ ಅದನ್ನು ಒಪ್ಪಿದರು. ಆದರೆ ಅಷ್ಟರಲ್ಲಿ ವೆನೆರಾ 5, 6ನ್ನು ಪೂರ್ತಿ ಹೊಸದಾಗಿ ಕಟ್ಟಲು ಸಮಯ ಸಾಲಲಿಲ್ಲ. ಇಪ್ಪತ್ತೈದು ಪಟ್ಟು ಒತ್ತಡ ತಡೆಯುವಷ್ಟು ಗಟ್ಟಿ ಮಾಡಿ, ಬೇಗ ಇಳಿಯಲಿ ಅಂತ ಪ್ಯಾರಾಚೂಟ್ ಚಿಕ್ಕದು ಮಾಡಿ, 1969ರಲ್ಲಿ ಕಳಿಸಿದರು. ನೆಲ ಮುಟ್ಟುವುದಿಲ್ಲ ಅಂತ ಗೊತ್ತಿದ್ದೇ ಕಳಿಸಿದ್ದು. ಐವತ್ತು ನಿಮಿಷ ಚಿಲ್ಲರೆ ಮಾತಾಡಿ ಎರಡೂ ಗಾಳಿಯಲ್ಲೇ ಜಜ್ಜಿಹೋದವು.

ಈಗ ವೆನೆರಾ 7. ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನನ್ನ ಪುಸ್ತಕದಲ್ಲಿ ಇದು ಒಂದೇ ಸಾಲು: “ಯಶಸ್ವಿಯಾಗಿ ಇಳಿದು ಮಾಹಿತಿ ಕಳಿಸಿತು”.

ಈ ಸಲ ಬಬಾಕಿನ್‌ನ ಜನ ಯಾವ ರಿಸ್ಕೂ ತೆಗೆದುಕೊಳ್ಳಲಿಲ್ಲ. ಟೈಟಾನಿಯಂ ಲೋಹದ ಗುಂಡು. 180 ಪಟ್ಟು ಒತ್ತಡ, 540 ಡಿಗ್ರಿ ಶಾಖ ತಡೆಯಬೇಕು. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿರುವುದು ಹೊರಗಿನ ಎರಡರಷ್ಟು ಒತ್ತಡ, ಅದಕ್ಕೇ ನಾವು ಹೆದರಿ ದೂರ ನಿಲ್ಲುತ್ತೇವೆ. ಗೋಡೆ ದಪ್ಪ ಮಾಡಿದ್ದಕ್ಕೆ ತೂಕ ಏರಿತು, ತೂಕ ಏರಿದ್ದಕ್ಕೆ ಉಪಕರಣ ಕಮ್ಮಿ ಮಾಡಬೇಕಾಯಿತು. ಒತ್ತಡ, ಶಾಖ ಅಳೆಯುವ ಸಾಧನಗಳು, ಬಹುತೇಕ ಅಷ್ಟೇ. ಪ್ಯಾರಾಚೂಟಿಗೆ ಒಂದು ಹಗ್ಗ ಸುತ್ತಿ ಅರ್ಧ ಮಾತ್ರ ಬಿಚ್ಚಿಕೊಳ್ಳುವ ಹಾಗೆ ಮಾಡಿದ್ದರು. ಶಾಖ 200 ಡಿಗ್ರಿ ಮುಟ್ಟಿದಾಗ ಹಗ್ಗ ಕರಗಿ ಪೂರ್ತಿ ಬಿಚ್ಚಿಕೊಳ್ಳಬೇಕು. ಜಾಣತನ ನೋಡಿ, ಶುಕ್ರನ ಬೆಂಕಿಯನ್ನೇ ಆಳಾಗಿ ದುಡಿಸಿಕೊಂಡರು.

ಜೋಡಿಯಲ್ಲಿ ಒಂದು ಎಂದಿನಂತೆ ಭೂಮಿಯ ಕಕ್ಷೆಯಲ್ಲೇ ಉಳಿದು ಕಾಸ್ಮೋಸ್ 359 ಅನ್ನಿಸಿಕೊಂಡಿತು. ಇನ್ನೊಂದು 1970ರ ಆಗಸ್ಟ್ 17ರಂದು ಹೊರಟು ಡಿಸೆಂಬರ್ 15ರಂದು ಶುಕ್ರನನ್ನು ಹೊಕ್ಕಿತು. ಹೊಕ್ಕ ಮೇಲೆ ಗೊತ್ತಾಯಿತು, ಒಳಗೆ ಒಂದು ಸ್ವಿಚ್ಚು ಕೈಕೊಟ್ಟಿದೆ ಅಂತ. ಒಂದೊಂದೇ ಅಳತೆಯನ್ನು ಸರದಿಯಲ್ಲಿ ಕಳಿಸಬೇಕಾದ ಸ್ವಿಚ್ಚು ಶಾಖದ ಮೇಲೆಯೇ ಅಂಟಿಕೊಂಡಿತ್ತು. ಒತ್ತಡದ ಅಂಕಿ ಬರುತ್ತಲೇ ಇಲ್ಲ, ಬರೀ ಶಾಖ, ಶಾಖ, ಶಾಖ. ಹಗ್ಗ ಸರಿಯಾದ ಹೊತ್ತಿಗೆ ಕರಗಿತು, ಪ್ಯಾರಾಚೂಟ್ ಅರಳಿತು. ಆರು ನಿಮಿಷದ ಮೇಲೆ ಪ್ಯಾರಾಚೂಟೇ ಹರಿಯಿತು. ಗುಂಡು ಕಲ್ಲಿನ ಹಾಗೆ ಬೀಳತೊಡಗಿ, ಗಂಟೆಗೆ ಅರವತ್ತು ಕಿ.ಮೀ. ವೇಗದಲ್ಲಿ, ಅಂದರೆ ಹೈವೇಯಲ್ಲಿ ಹೋಗುವ ಲಾರಿಯ ವೇಗದಲ್ಲಿ, ನೆಲಕ್ಕೆ ಅಪ್ಪಳಿಸಿತು. ಒಂದು ಸೆಕೆಂಡು ಸಂಕೇತ ಜೋರಾಗಿ ಬಂತು. ಆಮೇಲೆ ಬರೀ ಗೊರ ಗೊರ ಸದ್ದು.

ಮುಗೀತು ಅಂದುಕೊಂಡರು. ಅಂದುಕೊಳ್ಳದೆ ಏನು ಮಾಡ್ತಾರೆ? ಹತ್ತು ವರ್ಷ, ಕಡಿಮೆಯೆಂದರೂ ಹದಿನೈದು ನೌಕೆ.

ಆದರೆ ಅವತ್ತು ಬಂದ ಸದ್ದನ್ನೆಲ್ಲ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಕೆಲವು ವಾರಗಳ ನಂತರ ಆ ಟೇಪುಗಳನ್ನು ಮತ್ತೆ ಜಾಲಾಡಿದಾಗ ಆ ಗೊರಗೊರದ ತಳದಲ್ಲಿ ಒಂದು ದಾರದೆಳೆಯಷ್ಟು ಸಣ್ಣ ಸ್ವರ ಸಿಕ್ಕಿತು. ಮೊದಲಿನ ಸಂಕೇತದ ನೂರರಲ್ಲಿ ಒಂದೆರಡು ಪಾಲು, ಅಷ್ಟೇ. ಗುಂಡು ನೆಲಕ್ಕೆ ಬಿದ್ದು ಪುಟಿದು ಮಗ್ಗುಲಾಗಿ ಉರುಳಿಕೊಂಡಿತ್ತು ಅಂತ ಕಾಣುತ್ತದೆ, ಆಂಟೆನಾ ಭೂಮಿಯ ಕಡೆ ಇರಲಿಲ್ಲ. ಆದರೆ ಅದು ಸತ್ತಿರಲಿಲ್ಲ. ಮಗ್ಗುಲಾಗಿ ಬಿದ್ದುಕೊಂಡೇ ಸುಮಾರು ಇಪ್ಪತ್ಮೂರು ನಿಮಿಷ ಹೇಳಿದ್ದನ್ನೇ ಹೇಳುತ್ತಿತ್ತು. 475 ಡಿಗ್ರಿ. 475 ಡಿಗ್ರಿ. ಸೀಸ ಕರಗಿ ನೀರಾಗುವುದು 327 ಡಿಗ್ರಿಗೆ, ಇನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಅದು ನೆಲದ ಮೇಲೇ ಇತ್ತು ಅಂತ ಹೇಗೆ ಗೊತ್ತಾಯಿತು? ಇಲ್ಲಿ ಕೆಟ್ಟ ಸ್ವಿಚ್ಚೇ ಒಂದು ಥರ ಉಪಕಾರ ಮಾಡಿತು ಅನ್ನಬೇಕು. ಇಳಿಯುವಷ್ಟು ಹೊತ್ತೂ ಒಂದೇ ಸಮನೆ ಏರುತ್ತಿದ್ದ ಶಾಖ ಈಗ ಏರದೆ ನಿಂತಿತ್ತು. ಜೊತೆಗೆ, ದೂರ ಹೋಗುವ ರೈಲಿನ ಸೀಟಿಯ ಸ್ವರ ಇಳಿಯುತ್ತದಲ್ಲ, ಹಾಗೆ ರೇಡಿಯೋ ಸಂಕೇತದ ಸ್ವರದಲ್ಲಿ ಗುಂಡಿನ ಚಲನೆ ಗೊತ್ತಾಗುತ್ತದೆ. ಆ ಚಲನೆಯೂ ನಿಂತಿತ್ತು. ಬೀಳುವಾಗ ಎಷ್ಟು ವೇಗವಿತ್ತು, ಶಾಖ ಎಷ್ಟಿತ್ತು ಅನ್ನುವುದರಿಂದಲೇ ಗಾಳಿ ಎಷ್ಟು ದಟ್ಟ ಅಂತ ಲೆಕ್ಕ ಹಾಕಿ, ಕಳೆದುಹೋದ ಒತ್ತಡದ ಅಂಕಿಯನ್ನೂ ಹೊರಡಿಸಿದರು: ಭೂಮಿಯ ತೊಂಬತ್ತು ಪಟ್ಟು, ಹದಿನೈದು ಆಚೀಚೆ. ಸಮುದ್ರದಲ್ಲಿ ಒಂಬೈನೂರು ಮೀಟರ್ ಆಳಕ್ಕೆ ಹೋದರೆ ಇರುವಷ್ಟು.

ಇನ್ನೊಂದು ಗ್ರಹದ ನೆಲದಿಂದ ಭೂಮಿಗೆ ಬಂದ ಮೊದಲ ಮಾತು ಹೀಗಿತ್ತು. ಪುಸ್ತಕದ ಒಂದು ಸಾಲಿಗಿಂತ ಇದು ಎಷ್ಟೋ ಚೆನ್ನಾಗಿದೆ ಅಂತ ನನಗನಿಸುತ್ತದೆ. ಪ್ಯಾರಾಚೂಟ್ ಹರಿದದ್ದನ್ನು, ಸ್ವಿಚ್ಚು ಅಂಟಿಕೊಂಡದ್ದನ್ನು, ಟೇಪಿನ ಮುಂದೆ ಕಿವಿಗೊಟ್ಟು ಕೂತವರನ್ನು ಬಿಟ್ಟುಬಿಟ್ಟರೆ ಅದರಲ್ಲಿ ಉಳಿಯುವುದಾದರೂ ಏನು? ಆ ಪುಸ್ತಕ ಬರೆದವರು ತಮ್ಮವರಿಗೇ ಮೋಸ ಮಾಡಿದರು ಅಂತ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ಬಬಾಕಿನ್ ಅದಾದ ಎಂಟು ತಿಂಗಳಿಗೆ, 1971ರ ಆಗಸ್ಟಿನಲ್ಲಿ ತೀರಿಕೊಂಡ. ಐವತ್ತಾರು ವರ್ಷ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ, ಗೆಲುವುಗಳು ಎಲ್ಲ ಪುಸ್ತಕಗಳಲ್ಲೂ ಇವೆ. 1972ರಲ್ಲಿ ವೆನೆರಾ 8 ಹಗಲಿನ ಕಡೆ ಇಳಿದು, ಫೋಟೋ ತೆಗೆಯುವಷ್ಟು ಬೆಳಕಿದೆ ಅಂತ ಹೇಳಿತು. 1975ರ ಅಕ್ಟೋಬರ್ 22ರಂದು ವೆನೆರಾ 9, ಮೂರು ದಿನದ ಮೇಲೆ ವೆನೆರಾ 10 ಫೋಟೋ ಕಳಿಸಿಯೇಬಿಟ್ಟವು. ಇನ್ನೊಂದು ಗ್ರಹದ ನೆಲದಿಂದ ಬಂದ ಮೊದಲ ಚಿತ್ರಗಳು. ಚಪ್ಪಟೆ ಕಲ್ಲುಗಳು, ಮೋಡ ಕವಿದ ಮಧ್ಯಾಹ್ನದ ಬೆಳಕು. ಕತ್ತಲಿದ್ದರೆ ಇರಲಿ ಅಂತ ದೀಪಗಳನ್ನೂ ಕಳಿಸಿದ್ದರು, ಬೇಕಾಗಲಿಲ್ಲ. ಆಗ ಪ್ಯಾರಾಚೂಟಿನ ಸಹವಾಸವನ್ನೂ ಅರ್ಧಕ್ಕೆ ಬಿಟ್ಟಿದ್ದರು. ಐವತ್ತು ಕಿ.ಮೀ. ಎತ್ತರದಲ್ಲೇ ಪ್ಯಾರಾಚೂಟ್ ಕತ್ತರಿಸಿ, ಕುತ್ತಿಗೆಗೆ ತಟ್ಟೆ ಕಟ್ಟಿದಂಥ ಒಂದು ಲೋಹದ ಬಿಲ್ಲೆಯ ಮೇಲೆಯೇ ಇಳಿಯುವುದು. ಗಾಳಿ ಅಷ್ಟು ದಟ್ಟ, ನೀರಿನಲ್ಲಿ ತಟ್ಟೆ ಮುಳುಗಿದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಬಿಸಿ ತಡೆಯುವುದಕ್ಕೆ ಮೀನಿನ ಲಾರಿಯವರ ಉಪಾಯ: ಇಳಿಸುವ ಮೊದಲೇ ಸೊನ್ನೆಗಿಂತ ಕೆಳಕ್ಕೆ ತಣ್ಣಗೆ ಮಾಡಿ, ಒಳಗೆ ಮಂಜುಗಡ್ಡೆಯ ಬದಲು ಲಿಥಿಯಂನ ಒಂದು ಲವಣ ಇಟ್ಟಿದ್ದರು. ಅದು ಕರಗುತ್ತಾ ಇರುವಷ್ಟು ಹೊತ್ತು ಯಂತ್ರಕ್ಕೆ ಆಯಸ್ಸು.

ಆದರೆ ಕ್ಯಾಮೆರಾ ಮುಚ್ಚಳದ ಕಥೆ ಹೇಳದೆ ಬಿಡಲಾರೆ. ವೆನೆರಾ 9 ಮತ್ತು 10ರಲ್ಲಿ ಎರಡೆರಡು ಕ್ಯಾಮೆರಾ. ಎರಡರಲ್ಲೂ ಒಂದೊಂದರ ಮುಚ್ಚಳ ತೆರೆದುಕೊಳ್ಳಲಿಲ್ಲ, ಅದಕ್ಕೇ ಆ ಚಿತ್ರಗಳು ಅರ್ಧ ಸುತ್ತು ಮಾತ್ರ. ಸರಿ, ಮುಚ್ಚಳ ಬದಲಾಯಿಸಿ 1978ರಲ್ಲಿ ವೆನೆರಾ 11, 12 ಕಳಿಸಿದರು. ಈ ಸಲ ಒಂದೂ ತೆರೆಯಲಿಲ್ಲ. ಮೂರು ತಿಂಗಳಿಗೂ ಹೆಚ್ಚು ಪಯಣಿಸಿ, ನರಕದಂಥ ಜಾಗದಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ಬದುಕಿ, ಕಣ್ಣು ಮುಚ್ಚಿಕೊಂಡೇ ಸತ್ತವು! 1982ರ ಮಾರ್ಚಿನಲ್ಲಿ ಇಳಿದ ವೆನೆರಾ 13 ಮತ್ತು 14ರಲ್ಲಿ ಎಲ್ಲ ಮುಚ್ಚಳಗಳೂ ಚೆನ್ನಾಗಿ ಹಾರಿಬಿದ್ದವು, ಬಣ್ಣದ ಚಿತ್ರಗಳು ಬಂದವು. ಮೂವತ್ತೆರಡು ನಿಮಿಷ ಬಾಳಿದರೆ ಸಾಕು ಅಂತ ಮಾಡಿದ್ದ ವೆನೆರಾ 13 ಎರಡು ಗಂಟೆ ಏಳು ನಿಮಿಷ ದುಡಿಯಿತು. ವೆನೆರಾ 14ರಲ್ಲಿ ಒಂದು ಪುಟ್ಟ ತೋಳಿತ್ತು, ಅದು ನೆಲವನ್ನು ಒತ್ತಿ ಎಷ್ಟು ಗಟ್ಟಿ ಅಂತ ನೋಡಬೇಕು. ಹಾರಿಬಿದ್ದ ಮುಚ್ಚಳ ಸರಿಯಾಗಿ ಆ ತೋಳಿನ ಅಡಿಗೇ ಹೋಗಿ ಕೂತಿತ್ತಂತೆ. ತೋಳು ಶ್ರದ್ಧೆಯಿಂದ ಭೂಮಿಯಿಂದಲೇ ಹೋದ ಮುಚ್ಚಳದ ಗಟ್ಟಿತನ ಅಳೆದು ವರದಿ ಮಾಡಿತು. ಈ ಕಥೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ಹಿಂದಿನ ಎರಡು ನೌಕೆಗಳ ಮುಚ್ಚಳ ನೆನಪಿದ್ದವರು ಎಷ್ಟು ನಕ್ಕರೋ ಗೊತ್ತಿಲ್ಲ.

1985ರ ಜೂನ್‌ನಲ್ಲಿ ವೇಗಾ 1, 2 ಎಂಬ ನೌಕೆಗಳು ಹ್ಯಾಲಿ ಧೂಮಕೇತುವಿನ ಕಡೆ ಹೋಗುವ ದಾರಿಯಲ್ಲಿ ಶುಕ್ರನ ಮೋಡಗಳಲ್ಲಿ ಎರಡು ಬಲೂನುಗಳನ್ನು ಬಿಟ್ಟವು. ಒಂದೊಂದೂ ಎರಡು ದಿನದ ಹತ್ತಿರ ಹಾರಿ ಹನ್ನೊಂದು ಸಾವಿರ ಕಿ.ಮೀ. ತೇಲಿತು. ಜೊತೆಗೆ ಎರಡು ಲ್ಯಾಂಡರುಗಳೂ ಇಳಿದವು. ಅವೇ ಕೊನೆ. ಅಲ್ಲಿಂದ ಈಚೆಗೆ ಶುಕ್ರನ ನೆಲದ ಮೇಲೆ ಯಾರ ಯಂತ್ರವೂ ಇಳಿದಿಲ್ಲ. ನಲವತ್ತು ವರ್ಷವಾಯಿತು.

ನಮ್ಮ ಇಸ್ರೋದ ಶುಕ್ರ ಯೋಜನೆಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. 1236 ಕೋಟಿ ರೂಪಾಯಿ, ಹಾರುವುದು 2028ರ ಮಾರ್ಚಿನಲ್ಲಿ ಅಂತ ಲೆಕ್ಕ. ಅದು ಇಳಿಯುವುದಿಲ್ಲ, ಮೇಲಿಂದ ಸುತ್ತುತ್ತದೆ. ಏನಾಗುತ್ತದೋ ನೋಡೋಣ. ಏನಾದರೂ ನಮಗೆ ಗೊತ್ತಂತೂ ಆಗುತ್ತದೆ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ವಿಕ್ರಮ್ ಲ್ಯಾಂಡರಿನ ಗೆರೆ ಪರದೆಯ ಮೇಲೆ ನಿಂತುಹೋದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಬೆಳಿಗ್ಗೆ ಅಧ್ಯಕ್ಷ ಶಿವನ್ ಕಣ್ಣೀರಿಟ್ಟದ್ದನ್ನೂ ನೋಡಿದೆವು. ನಮ್ಮನೆಯಲ್ಲಿ ಮಕ್ಕಳು ಅತ್ತಿದ್ದರು. 2023ರಲ್ಲಿ ಚಂದ್ರಯಾನ 3 ಇಳಿದಾಗ ಅದೇ ಮಕ್ಕಳು ಕುಣಿದರು, ಅವರಿಗೆ ಎರಡೂ ಗೊತ್ತಿತ್ತು.

ಇರಲಿ, ಕಾಸ್ಮೋಸ್ 482ಕ್ಕೆ ಬರುತ್ತೇನೆ. ಅದು ವೆನೆರಾ 8ರ ಜೋಡಿ. ವೆನೆರಾ 8 ಹೋದ ನಾಲ್ಕು ದಿನಕ್ಕೆ, 1972ರ ಮಾರ್ಚ್ 31ರಂದು ಹಾರಿತು. ಶುಕ್ರನತ್ತ ತಳ್ಳುವ ಇಂಜಿನ್ ಹೊತ್ತಿಕೊಂಡಿತು, ಆದರೆ ಬೇಗ ಆರಿಹೋಯಿತು. ನೌಕೆ ಚೂರಾಯಿತು. ಕೆಲವೇ ದಿನದಲ್ಲಿ ನ್ಯೂಜಿಲೆಂಡಿನ ಆಶ್‌ಬರ್ಟನ್ ಎಂಬ ಊರಿನ ಹೊಲಗಳಲ್ಲಿ ಹದಿಮೂರೂವರೆ ಕೆ.ಜಿ. ತೂಕದ ಟೈಟಾನಿಯಂ ಗೋಳಗಳು ಬಿದ್ದವು. ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಆಕಾಶದಿಂದ ಬಿದ್ದದ್ದನ್ನು ಹಾರಿಸಿದ ದೇಶಕ್ಕೆ ವಾಪಸ್ ಕೊಡಬೇಕು. ಕೇಳಿದರೆ ಮಾಸ್ಕೋ, ನಮ್ಮದಲ್ಲ ಅಂದಿತು. ಯಾರದ್ದೂ ಅಲ್ಲದ್ದು ಕೊನೆಗೆ ಹೊಲದ ಯಜಮಾನನದ್ದಾಯಿತು.

ಇಳಿಯಬೇಕಾದ ಗುಂಡು ಮಾತ್ರ ಮೇಲೇ ಉಳಿಯಿತು. ಅರ್ಧ ಟನ್ ಹತ್ತಿರದ ತೂಕ. ಅದನ್ನು ಕಟ್ಟಿದ ದೇಶ ಇಲ್ಲವಾಯಿತು, ನಾನು ಎಂಟನೇ ಕ್ಲಾಸು ಪಾಸಾಗಿ, ಕೆಲಸಕ್ಕೆ ಸೇರಿ, ಕನ್ನಡಕ ಹಾಕಿಕೊಂಡೆ. ಅದು ಸುತ್ತುತ್ತಲೇ ಇತ್ತು. ನಾನು ಭಾಷಣ ಬಿಗಿದ ಆ ದಿನವೂ ಕೆಟ್ಟ ನೌಕೆಯೊಂದು ಭೂಮಿಯನ್ನು ಸುತ್ತುತ್ತಿತ್ತು ಅಂತ ಈಗ ಯೋಚಿಸಿದರೆ ಒಂಥರಾ ಆಗುತ್ತದೆ. ನಮ್ಮ ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಮೇ 10ರ ಸಾಯಂಕಾಲ ಫೋನ್ ಮಾಡುತ್ತಿದ್ದೆ.

ಶುಕ್ರನ ಒತ್ತಡಕ್ಕೆಂದು ಕಟ್ಟಿದ ಗುಂಡಾದ್ದರಿಂದ ಅದು ಪೂರ್ತಿ ಸುಟ್ಟುಹೋಗದೆ ನೀರು ಮುಟ್ಟಿರಬಹುದು ಅಂತ ಬಲ್ಲವರ ಅಂದಾಜು. ಯಾರೂ ನೋಡಿಲ್ಲ. ಮುಟ್ಟಿದ್ದರೆ, ಸಮುದ್ರದಲ್ಲಿ ಒಂದು ಕಿಲೋಮೀಟರಿನ ಹತ್ತಿರ ಆಳಕ್ಕೆ ಇಳಿದಾಗ ಅದರ ಸುತ್ತ ಶುಕ್ರನ ನೆಲದಷ್ಟೇ ಒತ್ತಡ ಇದ್ದಿರಬೇಕು. ಅಲ್ಲಿ ಸಮುದ್ರ ಅದಕ್ಕಿಂತ ಎಷ್ಟೋ ಆಳ. ವೆನೆರಾ 4ಕ್ಕೆ ಸಕ್ಕರೆ ಬೀಗ ಹಾಕಿ ಕಳಿಸಿದರು, ಅದಕ್ಕೆ ನೀರು ಸಿಗಲಿಲ್ಲ. ಶುಕ್ರನ ಮೇಲೆ ನೀರಿಲ್ಲ ಅಂತ ಗೊತ್ತಾದ ಮೇಲೆ ಕಟ್ಟಿದ್ದು ಇದು, ಇದಕ್ಕೆ ಬೀಗ ಇರಲಿಲ್ಲ.